ಡ್ರಾಯಿಂಗ್ ಟೀಚರ್ ಅತ್ತೆಗೆ ಯಾವ ಗುಹೆ: ಲಾಸ್ಕೋನಾ, ಲೆಝೇಝಿನಾ?

ಟೂಲೂಸ್ ಸೊಸೆ:
ಮುಂದಿನ ತಿಂಗಳು ಊರಿಂದ ಅತ್ತೆ ಬರುತ್ತಿದ್ದಾರೆ. ರಿಟೈರ್ಡ್ ಡ್ರಾಯಿಂಗ್ ಟೀಚರ್. ಪ್ಯಾರಿಸ್ ಬೇಡ, ಆದಿಮಾನವರು ಗುಹೆಯಲ್ಲಿ ಬರೆದ ಚಿತ್ರ ತೋರಿಸಿ ಅಂತ ಹಟ. ಇರುವುದು ಒಂದೇ ದಿನ. ಅವರಿಗೆ ಸ್ವಲ್ಪ ಮಂಡಿನೋವು ಬೇರೆ. ಎಲ್ಲಿಗೆ ಹೋಗೋಣ?

ರಸ್ತೆರಾಜ:
ಲಾಸ್ಕೋಗೇ ಹೋಗಿ. ಹೆಸರು ಅದರದ್ದೇ ಅಲ್ವಾ. ಪಾರ್ಕಿಂಗ್, ಕಾಫಿ ಎಲ್ಲಾ ಇದೆ.

ಹಳೇಕಲ್ಲು:
ಡ್ರಾಯಿಂಗ್ ಟೀಚರ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಲಾಸ್ಕೋದಲ್ಲಿ ಈಗ ತೋರಿಸುವುದು ನಕಲು. ಜನರ ಉಸಿರಿಗೇ ಗೋಡೆ ಕೆಡುತ್ತಿದೆ ಅಂತ ಅಸಲಿ ಗುಹೆಯನ್ನು 1963ರಲ್ಲೇ ಮುಚ್ಚಿದರು. ನಕಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಲೆಝೇಝಿಯ ಫೋನ್-ದ-ಗೋಮ್ ಗುಹೆ ಅಸಲಿ.

ಲೆಝೇಝಿ ಸುಮಾರು ಸಾವಿರ ಜನರ ಊರು. ಕೆಳಗೆ ವೆಝೇರ್ ಹೊಳೆ, ತಲೆ ಮೇಲೆ ಬಾಗಿದ ಸುಣ್ಣಕಲ್ಲಿನ ಬಂಡೆ, ಅದಕ್ಕೆ ಬೆನ್ನು ಕೊಟ್ಟು ನಿಂತ ಮನೆಗಳು. ಗುಹೆ ಊರವರಿಗೆ ಮೊದಲೇ ಗೊತ್ತಿತ್ತು. ಒಳಗೆ ಹೋಗಿ ಹೆಸರು ಗೀಚಿ ಬರುತ್ತಿದ್ದರು, ಅಷ್ಟೆ! ಚಿತ್ರಗಳನ್ನು 1901ರ ಸೆಪ್ಟೆಂಬರ್‌ನಲ್ಲಿ ಗುರುತಿಸಿದ್ದು ದೆನಿ ಪೆರೋನಿ, ಅಲ್ಲಿಯ ಶಾಲೆ ಮೇಷ್ಟ್ರು. ಅತ್ತೆಗೆ ಇದನ್ನು ಮೊದಲೇ ಹೇಳಿ.

ಒಳಗೆ ಎರಡು ಹಿಮಸಾರಂಗ ಇವೆ. 14,000 ವರ್ಷಕ್ಕೂ ಹಳೆಯವು. ನನಗೆ ಮೊದಲು ಕೆಂಪು ಮಸುಕು ಬಿಟ್ಟರೆ ಏನೂ ಕಾಣಲಿಲ್ಲ. ಸುಮ್ನೆ ತಲೆಯಾಡಿಸುತ್ತಾ ನಿಂತಿದ್ದೆ. ಗೈಡ್ ಟಾರ್ಚನ್ನು ಪಕ್ಕದಿಂದ ಹಿಡಿದರು. ಕೆತ್ತಿದ ಸಣ್ಣ ಗೆರೆಯೊಂದು ಎದ್ದು ಬಂತು. ಗಂಡಿನ ನಾಲಿಗೆ ಅದು! ಮಂಡಿಯೂರಿದ ಹೆಣ್ಣಿನ ಹಣೆ ನೆಕ್ಕುತ್ತಿದೆ. ಕೊಟ್ಟಿಗೆಯಲ್ಲಿ ಹಸು ಕರುವನ್ನು ನೆಕ್ಕುತ್ತದಲ್ಲ, ಅದೇ ತರಹ. ಫೋಟೋ ತೆಗೆಯಲು ಬಿಡಲ್ಲ, ಒಳ್ಳೆಯದೇ ಆಯಿತು. ಕಣ್ಣಾರೆ ನೋಡಿದೆ.

ಮಂಡಿ ವಿಷಯ: ಟಿಕೆಟ್ ಕೌಂಟರಿಂದ ಗುಹೆಯ ಬಾಯಿವರೆಗೆ ಏರುದಾರಿ. ಒಳಗೆ ಒಂದೆರಡು ಕಡೆ ತುಂಬಾ ಇಕ್ಕಟ್ಟು. ನಿಧಾನವಾಗಿ ಹತ್ತಿಸಿ.

ಟೂಲೂಸ್ ಸೊಸೆ:
ಓದಿ ಹೇಳಿದೆ. "ಆ ನಾಲಿಗೆ ನೋಡದೆ ನಾನು ವಾಪಸ್ ಹೋಗಲ್ಲ" ಅಂದರು. ಇವತ್ತಿನಿಂದಲೇ ಮಂಡಿಗೆ ಎಣ್ಣೆ ಶುರುವಂತೆ. ಟಿಕೆಟ್ ಸಿಗದಿದ್ದರೆ ಏನು ಮಾಡೋದು?

ಹಳೇಕಲ್ಲು:
ದಿನಕ್ಕೆ ಬಿಡುವುದೇ ಕಡಿಮೆ ಜನ, ಈಗಲೇ ಬುಕ್ ಮಾಡಿ. ಸಿಗದಿದ್ದರೆ ಊರಲ್ಲೇ ಮ್ಯೂಸಿಯಂ ಇದೆ. ಕ್ರೋ-ಮಾನ್ಯೋ ಬಂಡೆಯೂ ಅಲ್ಲೇ. 1868ರಲ್ಲಿ ರೈಲುದಾರಿಗೆ ಮಣ್ಣು ಅಗೆಯುವಾಗ ಹಳೇ ಮನುಷ್ಯರ ಎಲುಬು ಸಿಕ್ಕ ಜಾಗ. ಪಠ್ಯಪುಸ್ತಕದ 'ಕ್ರೋಮ್ಯಾಗ್ನನ್ ಮಾನವ' ಇದೇ ಊರಿನವನು. ಕ್ರೋ ಅಂದರೆ ಅಲ್ಲಿಯ ಹಳೇ ಮಾತಿನಲ್ಲಿ ಪೊಟರೆ.

ರಸ್ತೆರಾಜ:
ಸರಿ ಸ್ವಾಮಿ, ನಾನೂ ನಕಲು ನೋಡಿ ಬಂದವನೇ. ನಿಮ್ಮ ಕಾರಲ್ಲಿ ಒಂದು ಸೀಟ್ ಇದೆಯಾ?