ಪದಚರ್ಚೆ: ಪರದೆ ಮಲಗುತ್ತದೆಯೇ, ಆರುತ್ತದೆಯೇ? (ನಾಳೆ ಮಧ್ಯಾಹ್ನದೊಳಗೆ ಬೇಕು)

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ ಇಟ್ಟು, ಯಾರೋ ದಾನವಾಗಿ ಕೊಟ್ಟ ಹಳೆಯ ಮಾನಿಟರನ್ನು ಅದಕ್ಕೆ ಜೋಡಿಸಿದ್ದೇವೆ. ಹೊಸ ಪುಸ್ತಕಗಳ ಪಟ್ಟಿ, ಬಸ್ಸಿನ ವೇಳೆ, ಪರೀಕ್ಷೆಯ ಪ್ರಕಟಣೆ ಮುಂತಾದವು ಅದರಲ್ಲಿ ಬರುತ್ತವೆ. ಎದುರಿಗೆ ಯಾರೂ ಇಲ್ಲದಿದ್ದರೆ 10 ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ. ಯಾರಾದರೂ ಹತ್ತಿರ ಬಂದರೆ ಚಲನೆಯನ್ನು ಗುರುತಿಸುವ ಸಂವೇದಕವೊಂದು ಅದನ್ನು ಮತ್ತೆ ಬೆಳಗಿಸುತ್ತದೆ. ಗಣಕ ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರುತ್ತದೆ.

ಕೆಳಗೆ ‘ಪರದೆ ಆಫ್ ಆಗಿದೆ’ ಎಂಬ ಚೀಟಿ ಅಂಟಿಸಿದ್ದೆವು. ಅಲ್ಲಿಂದಲೇ ತೊಂದರೆ. ಆಫ್ ಆಗಿದೆಯಲ್ಲ ಎಂದು ಬಂದವರು ಪ್ಲಗ್ ಕೀಳುತ್ತಾರೆ, ಮತ್ತೆ ಸಿಕ್ಕಿಸುತ್ತಾರೆ. ಗಣಕ ಏನನ್ನೋ ಬರೆದಿಡುತ್ತಿರುವಾಗ ವಿದ್ಯುತ್ ತಪ್ಪಿದರೆ ಮೆಮೊರಿ ಕಾರ್ಡಿನ ಕಡತಗಳು ಹಾಳಾಗುತ್ತವೆ. ಹಾಗೆ ಹಾಳಾಗಿ ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು. ಆದ್ದರಿಂದ ಹೊಸ ಚೀಟಿಗೆ ವಾಕ್ಯ ಬೇಕು. ನಿಯಂತ್ರಣ ಪುಟದ ಎರಡು ಗುಂಡಿಗಳಿಗೆ ಕ್ರಿಯಾಪದ ಬೇಕು. ನಾನು ಬರೆದುಕೊಂಡದ್ದು ಇದು: ‘ಪರದೆ ನಿದ್ರಾಸ್ಥಿತಿಯಲ್ಲಿದೆ. ಸ್ವಯಂಚಾಲಿತವಾಗಿ ಜಾಗೃತಗೊಳ್ಳುತ್ತದೆ.’ ಓದಿದರೆ ತೀವ್ರನಿಗಾ ಘಟಕದ ಫಲಕದಂತಿದೆ. ಮುದ್ರಣದವರು ನಾಳೆ ಮಧ್ಯಾಹ್ನದವರೆಗೆ ಕಾಯುತ್ತಾರೆ.

— ಸಾಗರ

•

ನಿದ್ರಾಸ್ಥಿತಿಯಲ್ಲಿ ಏನು ದೋಷ? ಬದಲಿಸಬೇಡಿ.

ಮಾನಿಟರುಗಳು ವಿದ್ಯುತ್ ಉಳಿಸಲೆಂದು, ಪರದೆಗಳ ಮಾನಕಗಳನ್ನು ಗೊತ್ತುಮಾಡುವ ವೆಸಾ ಒಕ್ಕೂಟ 1993ರಲ್ಲಿ ಒಂದು ಸಂಕೇತಪದ್ಧತಿಯನ್ನು ರೂಪಿಸಿತು. ಅದರಲ್ಲಿ ಅವಸ್ಥೆಗಳು ನಾಲ್ಕು: ಆನ್, ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್. ಮಾಂಡೂಕ್ಯೋಪನಿಷತ್ತಿನಲ್ಲಿಯೂ ಅವಸ್ಥೆಗಳು ನಾಲ್ಕೇ: ಜಾಗ್ರತ್ (ಎಚ್ಚರ), ಸ್ವಪ್ನ, ಸುಷುಪ್ತಿ (ಗಾಢನಿದ್ರೆ), ತುರೀಯ (ಆ ಮೂರನ್ನೂ ಮೀರಿದ್ದು). ಪಾರಿಭಾಷಿಕ ಪದಗಳು ಸಿದ್ಧವಾಗಿ ಕೈಗೆ ಸಿಗುವಂತಿರುವಾಗ ಹೊಸದನ್ನು ಏಕೆ ಹುಡುಕಬೇಕು? ನಿಮ್ಮ ಪರದೆ ಸುಷುಪ್ತಿಯಲ್ಲಿದೆ. ಹಾಗೆಯೇ ಬರೆಯಿರಿ.

— ಮೈಸೂರು

•

ಗುರುಗಳೆ, ತುರೀಯಕ್ಕೆ ಹೋದವರನ್ನು ಯಾರಾದರೂ ಸ್ವಿಚ್ ಒತ್ತಿ ವಾಪಸು ಕರೆದ ಪ್ರಸಂಗ ಉಪನಿಷತ್ತಿನಲ್ಲಿ ಬರುತ್ತದೆಯೇ?

ಸಾಗರದವರಿಗೆ: ನಮ್ಮ ಮನೆಗಳಲ್ಲಿ ದೀಪ ಆರಿಸು ಎನ್ನುವುದಿಲ್ಲ, ಅದು ಅಶುಭ. ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಅಜ್ಜಿಯಂದಿರಿಗೆ ಗೊತ್ತಿದ್ದ ಸೂಕ್ಷ್ಮವೇ ನಿಮ್ಮ ಚೀಟಿಗೂ ಬೇಕಾಗಿರುವುದು. ಬೆಳಕು ಹೋಗಿದೆ, ಆದರೆ ಏನೂ ಮುಗಿದಿಲ್ಲ. ‘ಪರದೆ ಕಣ್ಣು ಮುಚ್ಚಿದೆ’ ಎಂದರೆ ಹೇಗೆ?

— ಕುಂದಾಪುರ

•

ಕಣ್ಣು ಮುಚ್ಚಿದರೆ ಪತ್ರಿಕೆಯ ಒಳಪುಟದಲ್ಲಿ ಚೌಕಟ್ಟು ಕಟ್ಟಿ ಹಾಕಬೇಕಾಗುತ್ತದೆ. ಬೇಡ.

— ಶಿವಮೊಗ್ಗ

•

ಯಾವ ಪದ ಎಂದು ಜಗಳವಾಡುವ ಮೊದಲು ಒಳಗೆ ಏನಾಗುತ್ತಿದೆ ಎಂದು ಕೇಳಬೇಕಲ್ಲವೇ?

ಮೈಸೂರಿನವರು ಹೇಳಿದ ನಾಲ್ಕು ಅವಸ್ಥೆಗಳು ಗಾಜಿನ ಕೊಳವೆಯ ಮಾನಿಟರುಗಳ ಕಾಲದವು. ಚಿತ್ರದ ಸಾಲುಗಳನ್ನು ಹೊಂದಿಸಲು ಗಣಕ ಕಳುಹಿಸುವ ಅಡ್ಡ ಸಮಕಾಲಿಕ ಸಂಕೇತ ನಿಂತರೆ ಸ್ಟ್ಯಾಂಡ್‌ಬೈ, ಇಡೀ ಚಿತ್ರವನ್ನು ಹೊಂದಿಸುವ ಲಂಬ ಸಂಕೇತ ನಿಂತರೆ ಸಸ್ಪೆಂಡ್, ಎರಡೂ ನಿಂತರೆ ಆಫ್. ಅಷ್ಟೇ ವೇದಾಂತ. ಕೊಳವೆ ಬಿಸಿಯಾಗಿ ಮತ್ತೆ ಬೆಳಗಲು ಸಮಯ ಹಿಡಿಯುತ್ತಿದ್ದುದರಿಂದ ಮೆಟ್ಟಿಲುಗಳು ಬೇಕಿದ್ದವು. ಚಪ್ಪಟೆ ಪರದೆಗಳಿಗೆ ಆ ಭೇದದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪೈ ವಿಷಯಕ್ಕೆ ಬಂದರೆ, ಆ ಗಣಕಕ್ಕೆ ಲ್ಯಾಪ್‌ಟಾಪಿನ ಹಾಗೆ ಮಲಗುವ ಸೌಕರ್ಯವೇ ಇಲ್ಲ. ಒಂದೋ ಓಡುತ್ತಿರುತ್ತದೆ, ಇಲ್ಲವೇ ಪೂರ್ತಿ ನಿಂತಿರುತ್ತದೆ. ಮಲಗುವುದು ಪರದೆ ಮಾತ್ರ. ಅದರಲ್ಲಿಯೂ ಬೇರೆ ಬೇರೆ ಬಗೆ. ಡಬ್ಲ್ಯುಎಲ್‌ಆರ್-ರಾಂಡರ್ ಆದೇಶಕ್ಕೆ ಆಫ್ ಎಂದು ಹೇಳಿದರೆ ಆ ಪರದೆಯನ್ನೇ ಲೆಕ್ಕದಿಂದ ಕೈಬಿಡುತ್ತದೆ. ತೆರೆದಿಟ್ಟ ಕಿಟಕಿಗಳು ಅದರಿಂದ ಜಾಗ ತಪ್ಪಬಹುದು. ಡಬ್ಲ್ಯುಎಲ್‌ಒಪಿಎಂ ಎಂಬ ಆದೇಶ ಹಾಗಲ್ಲ, ಪರದೆಯ ಜಾಗ ಉಳಿಸಿಕೊಂಡು ವಿದ್ಯುತ್ ಅವಸ್ಥೆಯನ್ನಷ್ಟೇ ಬದಲಿಸುತ್ತದೆ. ಟಿವಿಯನ್ನು ಜೋಡಿಸಿದ್ದರೆ ಎಚ್‌ಡಿಎಂಐ ತಂತಿಯ ಸಿಇಸಿ ಎಳೆಯ ಮೂಲಕ ‘ನೀನೇ ಮಲಗು’ ಎಂದು ಟಿವಿಗೆ ಹೇಳಿ ಕಳುಹಿಸಬಹುದು. ಪೈನವರದೇ 7 ಅಂಗುಲದ ಸ್ಪರ್ಶಪರದೆಯಾದರೆ ಹಿಂಬೆಳಕನ್ನೇ ಆರಿಸಬಹುದು. ಅಲ್ಲಿ ಇನ್ನೊಂದು ತಮಾಷೆ: ಬಿಎಲ್-ಪವರ್ ಎಂಬ ಕಡತದಲ್ಲಿ 0 ಬರೆದರೆ ಬೆಳಕು, 1 ಬರೆದರೆ ಕತ್ತಲೆ.

ಜಾಲದಲ್ಲಿ ಸಿಗುವ ಹಳೆಯ ಸಲಹೆಗಳನ್ನು ನಂಬಬೇಡಿ. ವಿಸಿಜೆನ್‌ಸಿಎಂಡಿ ಆದೇಶದಿಂದ ಪರದೆ ಆರಿಸುವ ಉಪಾಯ ಪೈ ಕಾರ್ಯವ್ಯವಸ್ಥೆಯ 2021ರ ಬುಲ್ಸ್‌ಐ ಆವೃತ್ತಿಯ ಹೊಸ ಚಾಲಕ ತಂತ್ರಾಂಶದೊಂದಿಗೆ ಕೆಲಸ ಮಾಡುವುದಿಲ್ಲ. 2023ರ ಬುಕ್‌ವರ್ಮ್ ಆವೃತ್ತಿ ವೇಲ್ಯಾಂಡ್ ಎಂಬ ಹೊಸ ಚಿತ್ರಪ್ರದರ್ಶನ ಪದ್ಧತಿಗೆ ಹೋದ ಮೇಲೆ ಎಕ್ಸ್‌ಸೆಟ್ ಆದೇಶದ ಉಪಾಯಕ್ಕೂ ಬೆಲೆಯಿಲ್ಲ. ಕೆಲವು ಮಾನಿಟರುಗಳು ಸಂಕೇತ ನಿಂತಾಗ ಮಲಗುವುದೂ ಇಲ್ಲ, ‘ಸಂಕೇತವಿಲ್ಲ’ ಎಂಬ ನೀಲಿ ಫಲಕ ತೋರಿಸುತ್ತ ಬೆಳಕು ಉರಿಸಿಕೊಂಡು ಕುಳಿತಿರುತ್ತವೆ. ಅಂಥದ್ದಕ್ಕೆ ‘ಆರಿದೆ’ ಎಂದು ಬರೆದರೆ ಸುಳ್ಳಾಗುತ್ತದೆ. ಸಾಗರದವರು ಮೊದಲು ತಮ್ಮ ಮಾನಿಟರಿನ ಗುಣ ತಿಳಿಸಲಿ.

— ಬೆಂಗಳೂರು

•

ನಮ್ಮದು ಪೂರ್ತಿ ಕಪ್ಪಾಗುತ್ತದೆ, ಮೂಲೆಯ ಪುಟ್ಟ ದೀಪ ಮಾತ್ರ ಕೇಸರಿಯಾಗುತ್ತದೆ. ಡಬ್ಲ್ಯುಎಲ್‌ಒಪಿಎಂ ಬಳಸುತ್ತಿದ್ದೇವೆ. ಈಗ ಪದ ಹೇಳಿ.

— ಸಾಗರ

•

ಇಷ್ಟು ಓಲೆಗಳಲ್ಲಿ ಒಬ್ಬರಾದರೂ ಕನ್ನಡದ ಪದ ಕೊಟ್ಟಿದ್ದೀರಾ? ನಿದ್ರೆ ಸಂಸ್ಕೃತದ್ದು. ನಿದ್ದೆ ಅದರದೇ ಮರಿ. ಜಾಗೃತ, ಸ್ವಯಂಚಾಲಿತ, ಸ್ಥಿತಿ ಎಲ್ಲವೂ ಎರವಲು. ಕೊನೆಗೆ ‘ಪರದೆ’ಯೂ ಪಾರಸಿಯಿಂದ ಬಂದದ್ದು. ನಮ್ಮದೇ ‘ತೆರೆ’ ಇದೆ. ಬೆಳ್ಳಿತೆರೆ, ಕಿರುತೆರೆ ಎಂದು ಪತ್ರಿಕೆಗಳೇ ಬರೆಯುತ್ತವೆ. ‘ತೆರೆ ಮಲಗಿದೆ. ತಂತಾನೆ ಏಳುತ್ತದೆ.’ ಗುಂಡಿಗಳಿಗೆ ‘ಮಲಗಿಸು’, ‘ಎಬ್ಬಿಸು’. ಕೆಲಸ ಮುಗಿಯಿತು.

ಎಚ್ಚರ ಎಂಬ ಪದವೂ ಏಳು ಎಂಬುದರ ಬೇರಿನಿಂದಲೇ ಬಂದದ್ದು. ಹಳಗನ್ನಡದ ‘ಎೞ್ಚಱು’ ನೋಡಿ. ಎಬ್ಬಿಸು, ಎಚ್ಚರಿಸು ಒಂದೇ ಬಳ್ಳಿಯ ಕಾಯಿಗಳು. ಇಂಥ ಬೇರು ಕೈಯಲ್ಲಿರುವಾಗ ಜಾಗೃತಗೊಳಿಸು ಎಂದು ಬರೆಯುವವರಿಗೆ ಏನು ಹೇಳುವುದು?

— ಧಾರವಾಡ

•

ಧಾರವಾಡದವರ ‘ಎಬ್ಬಿಸು’ ಒಪ್ಪಿದೆ. ‘ಮಲಗಿದೆ’ ಒಪ್ಪಲಾರೆ. ಮನುಷ್ಯರು ಮಲಗಿದರೆ ಬೆಳಿಗ್ಗೆ ಏಳುತ್ತಾರೆ. ಕನ್ನಡದಲ್ಲಿ ವಸ್ತು ಮಲಗಿತೆಂದರೆ ಕಥೆ ಬೇರೆ. ಮಳೆಗೆ ಪೈರು ಮಲಗಿತು ಎಂದರೆ ರೈತನಿಗೆ ನಷ್ಟ. ವ್ಯಾಪಾರ ಮಲಗಿತು ಎಂದರೆ ಅಂಗಡಿಗೆ ಬೀಗ. ‘ಪರದೆ ಮಲಗಿದೆ’ ಎಂದು ಓದಿದವನು ಅದು ಕೆಟ್ಟುಹೋಗಿದೆ ಎಂದುಕೊಂಡು ಮತ್ತೆ ಪ್ಲಗ್ಗಿಗೇ ಕೈ ಹಾಕುತ್ತಾನೆ. ಗುಂಡಿಯ ಮೇಲೆ ‘ಮಲಗಿಸು’ ಇರಲಿ, ಅಲ್ಲಿ ಮಾಡುವವನು ಮನುಷ್ಯ, ಕೆಲಸ ಉದ್ದೇಶಪೂರ್ವಕ. ಚೀಟಿಗೆ ಬೇಡ.

‘ನಿದ್ದೆಯಲ್ಲಿದೆ’ ಎಂದರೂ ಅದೇ ಪಾಡು. ಪತ್ರಿಕೆಯಲ್ಲಿ ನಿದ್ದೆ ಮಾಡುವುದು ಇಲಾಖೆಗಳು ಮಾತ್ರ.

ಇನ್ನು ‘ತೆರೆ’. ಪರದೆ ಬೆಳಗಿದಾಗ ‘ತೆರೆ ತೆರೆಯಿತು’ ಎಂದು ಬರೆಯುತ್ತೀರಾ? ಗುಂಡಿಯ ಮೇಲೆ ಬರಿಯ ‘ತೆರೆ’ ಎಂದಿದ್ದರೆ ಅದು ನಾಮಪದವೋ, ಆಜ್ಞೆಯೋ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸುದ್ದಿಮನೆಯಲ್ಲಿ ತಲೆಬರಹ ತಿದ್ದಿದವನ ಅನುಮಾನ ಇದು.

— ಶಿವಮೊಗ್ಗ

•

ಆ ಗೊಂದಲ ಕನ್ನಡದ್ದಲ್ಲ, ಕನ್ನಡಿಗರು ಮಾಡಿಕೊಂಡದ್ದು. ಅಲೆ ಮತ್ತು ಪರದೆ ಎಂಬ ಅರ್ಥದ್ದು ‘ತೆರೆ’. ಬಾಗಿಲು ತೆಗೆ ಎಂಬ ಅರ್ಥದ್ದು ‘ತೆಱೆ’. ತಮಿಳಿನಲ್ಲಿ ಇಂದಿಗೂ ತಿರೈ ಬೇರೆ, ತಿಱ ಬೇರೆ. ನಾವು ಹಳಗನ್ನಡದ ಱಕಾರವನ್ನು ಕಳೆದುಕೊಂಡೆವು, ಈಗ ಪದದ ಮೇಲೆ ತಪ್ಪು ಹೊರಿಸುತ್ತಿದ್ದೇವೆ. ಆ ಅಕ್ಷರ ಯುನಿಕೋಡಿನಲ್ಲಿದೆ, ಕೀಲಿ ಒತ್ತಿದರೆ ಬರುತ್ತದೆ. ಬಳಸಿ.

— ಧಾರವಾಡ

•

ಪಂಚಾಯಿತಿ ಗ್ರಂಥಾಲಯದ ಚೀಟಿಯಲ್ಲಿ ಱ! ಮಕ್ಕಳು ಅದನ್ನು ಅಚ್ಚಿನ ದೋಷ ಎಂದುಕೊಂಡು ಪೆನ್ನಿನಿಂದ ತಿದ್ದುತ್ತಾರೆ.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ಹೆಸರು ಹೇಳಿ ಮಹಾಪ್ರಾಣ ಬೇಡವೆಂದು ಇದೇ ಬಳಗದಲ್ಲಿ ವಾದಿಸಿದವರು ನೀವೇ ಅಲ್ಲವೇ? ಉಚ್ಚಾರದಲ್ಲಿ ಇಲ್ಲದ್ದು ಬರವಣಿಗೆಯಲ್ಲೇಕೆ ಎಂಬುದು ಆ ವಾದದ ತಿರುಳು. ಆ ಅಳತೆಯಲ್ಲಿ ನಿಮ್ಮ ಱಕಾರ ಮೊದಲು ಹೊರಗೆ ಹೋಗಬೇಕು. ಸಂಸ್ಕೃತಕ್ಕೊಂದು ನ್ಯಾಯ, ಹಳಗನ್ನಡಕ್ಕೊಂದು ನ್ಯಾಯವೇ?

ಎರವಲಿನ ಮಾತು ಬಂತು. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣ ಬರೆದ. ನಿದ್ದೆಯಂಥ ಪದಗಳನ್ನು ಹೊರಗಿಡಲಿಲ್ಲ, ಅವು ಒಳಗೆ ಬಂದ ದಾರಿಯನ್ನು ಗುರುತಿಸಿಟ್ಟ. ನೀವು ಕುಳಿತ ಕುರ್ಚಿ ಅರಬಿ, ಬರೆಯುವ ಕಾಗದ ಪಾರಸಿಯ ಕಡೆಯದು, ಅಲಮಾರಿನ ಚಾವಿ ಪೋರ್ಚುಗೀಸರದ್ದು. ಎದ್ದು ನಿಂತೇ ಬರೆಯುತ್ತೀರಾ?

— ಮೈಸೂರು

•

ಕುರ್ಚಿಯನ್ನು ಕನ್ನಡಿಗರು ತಾವಾಗಿ ತಂದುಕೊಂಡರು. ಸುಷುಪ್ತಿಯನ್ನು ನೀವು ಹೇರುತ್ತಿದ್ದೀರಿ. ವ್ಯತ್ಯಾಸ ತಿಳಿಯದವರ ಜೊತೆ ಮಾತಿಲ್ಲ.

— ಧಾರವಾಡ

•

ಇಬ್ಬರೂ ಸೇರಿ ಸಾಗರದವರ ಚೀಟಿಯನ್ನು ಮರೆತಿದ್ದೀರಿ.

‘ಸ್ವಯಂಚಾಲಿತವಾಗಿ’ ಎಂಬುದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಚಾಲಿತ ಎಂದರೆ ನಡೆಸಲ್ಪಟ್ಟದ್ದು. ಬಾಗಿಲು, ಮೆಟ್ಟಿಲು, ವಾಹನಕ್ಕೆ ಸರಿ. ಇದ್ದಲ್ಲಿಯೇ ಇದ್ದು ಕಪ್ಪಾಗುವ ವಸ್ತುವಿಗೆ ಚಾಲನೆ ಎಲ್ಲಿಯದು? ‘ತಂತಾನೆ’ಯೂ ನನಗೆ ಅಷ್ಟು ಹಿಡಿಸದು, ಯಾವ ಕಾರಣವೂ ಇಲ್ಲದೆ ಆಯಿತು ಎಂಬ ಛಾಯೆ ಅದಕ್ಕಿದೆ. ಇಲ್ಲಿ ಕಾರಣವಿದೆ: ಮನುಷ್ಯ ಎದುರು ಬಂದ. ‘ತಾನಾಗಿ’ ಸಾಕು, ಹಿಂದೆ ಒಂದು ‘ಬಂದರೆ’ ಅಥವಾ ‘ನಿಂತರೆ’ ಇರಲಿ.

ಮುಖ್ಯ ಮಾತು: ಆ ಅವಸ್ಥೆಗೆ ಚೀಟಿಯಲ್ಲಿ ಹೆಸರೇ ಬೇಕಾಗಿಲ್ಲ. ಪರದೆಯ ಮೇಲೆ ಬರುವ ಸಂದೇಶವಾದರೆ ಹೆಸರು ಬೇಕಿತ್ತು, ಆದರೆ ಕಪ್ಪಾದ ಪರದೆ ತನ್ನ ಬಗ್ಗೆ ಏನನ್ನೂ ಹೇಳಲಾರದು. ಓದುವವನು ಕಾಗದದ ಎದುರು ನಿಂತಿರುತ್ತಾನೆ. ಅವನಿಗೆ ತಿಳಿಯಬೇಕಾದದ್ದು ಎರಡೇ: ಇದು ಕೆಟ್ಟಿಲ್ಲ; ನಾನು ಏನು ಮಾಡಬೇಕು, ಏನು ಮಾಡಬಾರದು. ಹೆಸರಿನ ಹಟ ಅನುವಾದಕರದು. ಬಳಸುವವರದಲ್ಲ.

— ಕುಂದಾಪುರ

•

ಕುಂದಾಪುರದವರ ಮಾತಿಗೆ ಒಂದು ತಿದ್ದುಪಡಿ. ಓದುವವನು ಎದುರು ನಿಂತಿದ್ದರೆ ಅಷ್ಟು ಹೊತ್ತಿಗೆ ಪರದೆ ಬೆಳಗಿರಬೇಕಲ್ಲ? ಬೆಳಗಿಲ್ಲವೆಂದರೆ ಅವನು ಅಲುಗಾಡದೆ ನಿಂತಿದ್ದಾನೆ ಎಂದರ್ಥ. ಹವ್ಯಾಸಿಗಳು ಬಳಸುವ ಎಚ್‌ಸಿ-ಎಸ್‌ಆರ್501 ಬಗೆಯ ಸಂವೇದಕ ದೇಹದ ಬಿಸಿಯ ಅವಕೆಂಪು ಕಿರಣಗಳಲ್ಲಿ ಆಗುವ ಬದಲಾವಣೆಯನ್ನು ಮಾತ್ರ ಗುರುತಿಸುತ್ತದೆ. ಮನುಷ್ಯ ಇದ್ದಾನೆ ಎಂಬುದು ಅದಕ್ಕೆ ತಿಳಿಯದು, ಮನುಷ್ಯ ಚಲಿಸಿದ ಎಂಬುದಷ್ಟೇ ತಿಳಿಯುತ್ತದೆ. ಆದ್ದರಿಂದ ‘ನಿಂತರೆ’ ತಪ್ಪು. ‘ಕೈ ಆಡಿಸಿ’ ಎನ್ನಿ.

ಗುಂಡಿಗಳಿಗೆ ‘ಮಲಗಿಸು’, ‘ಎಬ್ಬಿಸು’ ಸರಿ, ಆದರೆ ಕರ್ಮಪದ ಬಿಡಬೇಡಿ. ‘ಪರದೆ ಮಲಗಿಸು’ ಎಂದೇ ಇರಲಿ. ಪಕ್ಕದಲ್ಲಿ ಗಣಕವನ್ನು ನಿಲ್ಲಿಸುವ ಗುಂಡಿಯೂ ಇದ್ದರೆ ಅದಕ್ಕೆ ‘ಗಣಕ ನಿಲ್ಲಿಸು’ ಎಂದು ಬರೆಯಿರಿ, ಮಲಗು ಎಂಬ ಧಾತು ಅಲ್ಲಿಗೆ ಸುಳಿಯಕೂಡದು.

— ಬೆಂಗಳೂರು

•

‘ಗಣಕ’ ಎಂದರೆ ಸಂಸ್ಕೃತದಲ್ಲಿ ಜೋಯಿಸ. ಜೋಯಿಸರನ್ನು ನಿಲ್ಲಿಸುವ ಗುಂಡಿ ಇದ್ದರೆ ನಮಗೂ ಒಂದು ಕಳುಹಿಸಿ. ಕಂಪ್ಯೂಟರ್ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

— ಶಿವಮೊಗ್ಗ

•

ಎಲ್ಲರಿಗೂ ವಂದನೆಗಳು. ಮುದ್ರಣಕ್ಕೆ ಈಗ ತಾನೆ ಹೀಗೆ ಕಳುಹಿಸಿದೆ:

‘ಪರದೆ ಕಪ್ಪಗಿದ್ದರೆ ಕೆಟ್ಟಿಲ್ಲ. ಎದುರು ಕೈ ಆಡಿಸಿದರೆ ತಾನಾಗಿ ಬೆಳಗುತ್ತದೆ. ಒಳಗೆ ಕಂಪ್ಯೂಟರ್ ಕೆಲಸ ಮಾಡುತ್ತಿದೆ. ದಯವಿಟ್ಟು ಪ್ಲಗ್ ಕೀಳಬೇಡಿ.’

ಗುಂಡಿಗಳು: ‘ಪರದೆ ಮಲಗಿಸು’, ‘ಪರದೆ ಎಬ್ಬಿಸು’. ಸುಷುಪ್ತಿ ಮತ್ತು ಱಕಾರಕ್ಕೆ ಈ ಸಲ ಜಾಗವಾಗಲಿಲ್ಲ. ಹಿರಿಯರು ಕ್ಷಮಿಸಬೇಕು.

— ಸಾಗರ

•

ಒಳ್ಳೆಯದಾಯಿತು. ಅದರ ಒಂದು ಪ್ರತಿಯನ್ನು ಪ್ಲಗ್ಗಿನ ಪಕ್ಕದಲ್ಲಿಯೂ ಅಂಟಿಸಿ, ಕೀಳುವವನ ಕಣ್ಣು ಇರುವುದು ಅಲ್ಲಿ. ಕರೆಂಟು ಹೋಗಿ ಬಂದಾಗ ಸಂವೇದಕ ಹದಕ್ಕೆ ಬರಲು ಸುಮಾರು ಒಂದು ನಿಮಿಷ ಬೇಕು. ಅಷ್ಟು ಹೊತ್ತು ಕೈ ಆಡಿಸಿದರೂ ಅದರ ಉತ್ತರವನ್ನು ನಂಬುವಂತಿಲ್ಲ ಎಂದು ಗ್ರಂಥಪಾಲಕರಿಗೆ ಬಾಯಿಮಾತಿನಲ್ಲಿ ತಿಳಿಸಿಡಿ.

— ಬೆಂಗಳೂರು

•

‘ಸಂವೇದಕ’ ಎಂದು ಎಲ್ಲರೂ ನಿರಾತಂಕವಾಗಿ ಬರೆಯುತ್ತಿದ್ದೀರಿ. ಅರಿ ಎಂಬ ಧಾತು ಸತ್ತುಹೋಯಿತೇ? ಬೇರೆ ಓಲೆಯಲ್ಲಿ ಬರೆಯುತ್ತೇನೆ.

— ಧಾರವಾಡ