ಇಂಗ್ಲಿಷ್ ಬರುತ್ತೆ, ಆದ್ರೆ ಗೆಳೆಯರ ಮುಂದೆ ಮಾತಾಡಲ್ಲ. ಇದು ಆಸಕ್ತಿ ಇಲ್ದಿರೋದಾ?

ಪ್ರಶ್ನೆ:
ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡ್ತೀನಿ. ಒಬ್ಬ ಹುಡುಗ ಸ್ಟಾಫ್ ರೂಮಿಗೆ ಒಬ್ನೇ ಬಂದಾಗ ಸ್ಪಷ್ಟವಾಗಿ ಓದ್ತಾನೆ, ಕ್ಲಾಸಲ್ಲಿ ಎಬ್ಬಿಸಿದ್ರೆ ಮಾತ್ರ ಬೇಕಂತಲೇ ಉಚ್ಚಾರ ಕೆಡಿಸ್ಕೊಂಡು ಓದಿ, ಹಿಂದಿನ ಬೆಂಚಿನ ಗೆಳೆಯರ ಮುಖ ನೋಡಿ ಕೂತ್ಕೋತಾನೆ. ಮೋಟಿವೇಶನ್ ಇಲ್ಲ ಅಂತಾರೆ ಉಳಿದ ಟೀಚರ್ಸ್, ನಂಗೆ ಹಾಗನ್ಸಲ್ಲ. ನಮ್ಮವ್ರಿಂದ ದೂರ ಆಗ್ಬಿಡ್ತೀನಿ ಅನ್ನೋ ಭಯ ಇರ್ಬೋದಾ?

ಉತ್ತರ 1:
ಖಂಡಿತ ಇರ್ಬೋದು. ಗಾರ್ಡ್ನರ್, ಲ್ಯಾಂಬರ್ಟ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1959ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲೀತಿದ್ದ ಮಕ್ಕಳನ್ನ ನೋಡಿ, ಬುದ್ಧಿ ಒಂದೇ ಸಾಲ್ದು, ಆ ಭಾಷೆಯವ್ರ ಬಗ್ಗೆ ಮನಸಲ್ಲಿ ಏನಿದೆ ಅನ್ನೋದೂ ಕಲಿಕೆಗೆ ಮುಖ್ಯ ಅಂದಿದ್ರು. ಆದ್ರೆ ಅಲ್ಲಿ ಫ್ರೆಂಚ್‌ನವ್ರು ಪಕ್ಕದಲ್ಲೇ ಇದ್ರು, ಇವತ್ತು ಇಂಗ್ಲಿಷ್ ಕಲಿಯೋ ಎಷ್ಟೋ ಮಕ್ಕಳಿಗೆ ಇಂಗ್ಲಿಷ್‌ನವ್ರು ಅಂದ್ರೆ ಯಾರು ಅಂತಲೇ ಗೊತ್ತಿಲ್ಲ. ಅದಕ್ಕೇ ಭಾಷಾ ಕಲಿಕೆ ಬಗ್ಗೆ ಸಂಶೋಧನೆ ಮಾಡ್ತಿದ್ದ ಡೋರ್ನ್ಯೇ 2005ರಲ್ಲಿ ಬೇರೆ ಥರ ಹೇಳಿದ್ರು, ಮುಂದೆ ನಾನು ಏನಾಗಿರ್ತೀನಿ ಅನ್ನೋ ಚಿತ್ರ ಮಗುವಿನ ತಲೆಲಿ ಇದ್ರೆ ಅದೇ ಎಳ್ಕೊಂಡ್ ಹೋಗುತ್ತೆ ಅಂತ. ನಿಮ್ಮ ಹುಡುಗನ ಆ ಚಿತ್ರದಲ್ಲಿ ಅವನ ಗೆಳೆಯರು ಇದಾರಾ? ನಂಗನ್ಸೋ ಪ್ರಕಾರ ಗಂಟು ಅಲ್ಲೇ ಇರೋದು.

ಉತ್ತರ 2:
ಇಷ್ಟೆಲ್ಲ ಥಿಯರಿ ಯಾಕೆ, ಕೆಲಸ ಸಿಗುತ್ತೆ ಅಂದ್ರೆ ಯಾರಾದ್ರೂ ಕಲೀತಾರೆ.

ಉತ್ತರ 3:
ಮೇಲಿನವ್ರ ಮಾತು ಒಪ್ಪಕ್ಕಾಗಲ್ಲ. ಬಾನಿ ನಾರ್ಟನ್ ಅನ್ನೋ ಭಾಷಾ ಸಂಶೋಧಕಿ 1995ರಲ್ಲಿ ಬರೆದಿದ್ದು ಕೆನಡಾಗೆ ವಲಸೆ ಬಂದ ಹೆಂಗಸರ ಬಗ್ಗೆ. ಅವ್ರಿಗೆ ಇಂಗ್ಲಿಷ್ ಬೇಕೇ ಬೇಕಿತ್ತು, ಆದ್ರೂ ತಮ್ಮನ್ನ ಕೀಳಾಗಿ ನೋಡೋರ ಮುಂದೆ ಬಾಯಿ ಬಿಡೋದು ಕಷ್ಟ ಆಗ್ತಿತ್ತು. ಬೇಕು ಅನ್ನೋದು ಬೇರೆ, ಮಾತಾಡೋಕೆ ಜಾಗ ಸಿಗೋದು ಬೇರೆ.

ಟೀಚರ್, ಅವನೊಬ್ಬನ್ನೇ ಎಬ್ಬಿಸ್ಬೇಡಿ, ಎಲ್ರ ಮುಂದೆ ಹೊಗಳ್ಲೂಬೇಡಿ, ಹೊಗಳಿಕೆನೇ ಅವನನ್ನ ಗುಂಪಿಂದ ಹೊರಗೆ ಹಾಕುತ್ತೆ. ಅದೇ ಹಿಂದಿನ ಬೆಂಚಿನ ಗೆಳೆಯರ ಜೊತೆ ಗುಂಪು ಮಾಡಿ, ಅಜ್ಜಿ ಹೇಳಿದ ಕಥೆನೋ ಅವ್ರೇ ಆಡೋ ಆಟದ ರೂಲ್ಸೋ ಇಂಗ್ಲಿಷಲ್ಲಿ ಹೇಳೋಕೆ ಕೊಡಿ, ತಯಾರಿ ತಮ್ಮ ಭಾಷೇಲೇ ಮಾಡ್ಕೊಳ್ಲಿ. ಆ್ಯಕ್ಸೆಂಟ್ ತಿದ್ದೋದು ಬಿಟ್ಬಿಡಿ, ಅರ್ಥ ಆದ್ರೆ ಆಯ್ತು. ಮನೆ ಭಾಷೆ ಮಾತಾಡಿದ್ರೆ ಫೈನ್ ಹಾಕೋ ಪದ್ಧತಿ ನಿಮ್ಮಲ್ಲಿ ಇದ್ರೆ ಮೊದ್ಲು ಅದನ್ನ ನಿಲ್ಲಿಸ್ಬೇಕು, ಒಂದು ಭಾಷೆ ಸಿಗ್ಬೇಕಾದ್ರೆ ಇನ್ನೊಂದು ಬಿಡ್ಬೇಕು ಅಂತ ಮಕ್ಕಳಿಗೆ ಹೇಳ್ಕೊಡೋದು ಅದೇ.

ಪ್ರಶ್ನೆ ಕೇಳಿದವರು:
ಹೊಗಳಿಕೆ ವಿಷ್ಯ ನಂಗೆ ಹೊಳೆದಿರ್ಲಿಲ್ಲ, ಥ್ಯಾಂಕ್ಸ್. ಆಟದ ರೂಲ್ಸ್ ಈ ವಾರನೇ ಕೊಡ್ತೀನಿ. ಗುಂಪಲ್ಲಿ ಹೇಳಿದ್ರೆ ಮಾರ್ಕ್ಸ್ ಒಬ್ಬೊಬ್ಬರಿಗೆ ಹೇಗೆ ಹಾಕ್ತೀರಾ ಅನ್ನೋದೂ ಹೇಳಿ.