ಅಪ್‌ಡೇಟ್: ಕುದುರೆಗಳ ಗೊರಸು ಕೊಳೆಯುತ್ತಿದ್ದದ್ದು ನಿಂತಿದೆ

ದೊಡ್ಡಬಳ್ಳಾಪುರದ ಹತ್ತಿರ ನಾವು ಬೇರೆಯವರ ಕುದುರೆಗಳನ್ನು ತಿಂಗಳ ಬಾಡಿಗೆಗೆ ಇಟ್ಟುಕೊಂಡು ನೋಡಿಕೊಳ್ಳುತ್ತೇವೆ. ಮಳೆ ಶುರುವಾದ ಮೇಲೆ ಗೊರಸಿನಡಿ ಕಪ್ಪು ಕೀವು, ಕೆಟ್ಟ ವಾಸನೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಎಲ್ಲವೂ ಗುಣವಾಗಿವೆ.

ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಲ್ಲಿ ತೊಳೆಯಿರಿ ಅಂತ ಕೆಲವರು ಅಂದಿದ್ದರು. ಅದೊಂದರಿಂದಲೇ ಆಗಲಿಲ್ಲ, ವಾಸನೆ ಕಡಿಮೆಯಾಗಿ ಮತ್ತೆ ಬರುತ್ತಿತ್ತು. ನಿಜಕ್ಕೂ ಕೆಲಸ ಮಾಡಿದ್ದು, ಲಾಳ ಹೊಡೆಯುವವರನ್ನು ಮೊದಲು ಕರೆಸಿ ಅಂದವರ ಸಲಹೆ. ಲಾಳ ಹೊಡೆಯುವವರು ಬಂದು ಗೊರಸಿನ ನಡುವಿನ ಮೆತ್ತನೆ ಭಾಗದ ಪಕ್ಕದ ಸೀಳನ್ನು ಬಿಡಿಸಿ ತೋರಿಸಿದರು. ಹತ್ತಿ ಸುತ್ತಿದ ಕಡ್ಡಿ ಒಳಗೆ ಹೋಗಿ ಕರ್ರಗಾಗಿ ಬಂತು. ಕೊಳೆತದ್ದನ್ನು ಕೆತ್ತಿ ಗಾಳಿ ಆಡುವಂತೆ ಮಾಡಿದ ಮೇಲೆಯೇ ಔಷಧಿ ಹಿಡಿದದ್ದು. ಈಗ ಸೈಸ್‌ಗಳು (ಕುದುರೆ ನೋಡಿಕೊಳ್ಳುವ ಆಳುಗಳು) ಬೆಳಿಗ್ಗೆ ಸಂಜೆ ಗೊರಸು ಕೆರೆದು ಒಣಗಿಸುತ್ತಾರೆ. ಮೂತ್ರದಲ್ಲಿ ನೆಂದ ಹುಲ್ಲನ್ನು ದಿನಾ ತೆಗೆಯುತ್ತೇವೆ.

ಗೊತ್ತಿಲ್ಲದ ಸಂಗತಿ ಒಂದಿತ್ತು. ಲಾಯ ಚೊಕ್ಕವಾಗಿದ್ದರೂ ನಿಂತಲ್ಲೇ ನಿಂತ ಕುದುರೆಗೆ ಇದು ಬರುತ್ತದಂತೆ. ಓಡಾಡಿದರೆ ಗೊರಸು ಒತ್ತಿ ಬಿಟ್ಟು ಕೊಳೆ ತಾನಾಗಿ ಉದುರುತ್ತದೆ. ಹೆಚ್ಚು ಕೊಳೆತಿದ್ದು ಮಾಲೀಕರು ಭಾನುವಾರ ಮಾತ್ರ ಬರುವ ಕುದುರೆಗಳದ್ದೇ! ಆ ಕಡ್ಡಿ ತೋರಿಸಿದಾಗ ದಿನಾ ನಡೆಸುವ ಕೂಲಿ ಸೇರಿಸಿ ಬಾಡಿಗೆ ಹೆಚ್ಚಿಸಲು ಅವರೇ ಒಪ್ಪಿದರು. ಲಾಳದ ಖರ್ಚು ಬೇರೆ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು ಅಂತ ಒಪ್ಪಂದದಲ್ಲಿ ಬರೆಸಿದ್ದೇನೆ. ನೀವು ಬರೆಸುವುದಾದರೆ ಜೊತೆಗೆ ಧನುರ್ವಾಯು ಲಸಿಕೆಯನ್ನೂ ಸೇರಿಸಿ. ಕುದುರೆಗೆ ಆ ರೋಗ ಬೇಗ ತಗಲುತ್ತದೆ, ಗೊರಸಿನ ಗಾಯ ಸಾಕು.